ಗಿರಾಕಿ ದೇವರಲ್ಲದ ವ್ಯಾಪಾರ

ಯುದ್ಧವಿಮಾನ ಖರೀದಿಯ ಸುದ್ದಿ ಬಂದಾಗಲೆಲ್ಲ ನಮ್ಮ ವಾಹಿನಿಗಳಿಗೆ ಎಲ್ಲಿಲ್ಲದ ಹುರುಪು. ಅಮೆರಿಕದವರು ಎಫ್-35 ತಂದಿದ್ದಾರಂತೆ, ರಷ್ಯದವರು ಸುಖೋಯ್-57 ಇಳಿಸಿದ್ದಾರಂತೆ, ಫ್ರೆಂಚರು ರಫೇಲ್ ಬಿಟ್ಟು ಬೇರೆ ನೋಡಲೇಬೇಡಿ ಎನ್ನುತ್ತಿದ್ದಾರಂತೆ, ಸ್ವೀಡನ್ನಿನವರು ಗ್ರಿಪೆನ್ ಜೊತೆ ಕಾರ್ಖಾನೆಯನ್ನೇ ಕೊಡುತ್ತಾರಂತೆ. ಎಲ್ಲರೂ ನಮ್ಮ ಬಾಗಿಲಿಗೇ ಬಂದು ನಿಂತಿರುವಾಗ ನಮಗೇಕೆ ಅವಸರ, ಕಾಲ ಮೇಲೆ ಕಾಲು ಹಾಕಿಕೊಂಡು ಚೌಕಾಸಿ ಮಾಡೋಣ ಎಂಬ ಧಾಟಿ. ನಿವೃತ್ತ ಅಧಿಕಾರಿಗಳ ಅಂಕಣಗಳಲ್ಲಿ ಇದೇ ಮಾತು ತುಸು ಗಂಭೀರವಾಗಿ ಬರುತ್ತದೆ, ಸಂಸತ್ತಿನಲ್ಲಿ ತುಸು ಜೋರಾಗಿ. ಆಡಳಿತ ಪಕ್ಷ, ವಿರೋಧ ಪಕ್ಷ ಎರಡೂ ಒಪ್ಪುವ ಕೆಲವೇ ಸಂಗತಿಗಳಲ್ಲಿ ಇದೂ ಒಂದು: ಮಾರುವವರ ನಡುವೆ ಪೈಪೋಟಿ ಹೆಚ್ಚಿದಷ್ಟೂ ಕೊಳ್ಳುವವನ ಕೈ ಮೇಲು; ಒಳ್ಳೆಯ ವಿಮಾನ, ಕಡಿಮೆ ಬೆಲೆ, ಜೊತೆಗೆ ತಂತ್ರಜ್ಞಾನ, ಮೂರೂ ದಕ್ಕುತ್ತವೆ. ರಫೇಲ್ ಜಗಳದಲ್ಲಿ ಕೂಡ ಎರಡೂ ಕಡೆಯವರು ವಾದಿಸಿದ್ದು ಯಾರ ಚೌಕಾಸಿ ಚೆನ್ನಾಗಿತ್ತು ಎಂದೇ ಹೊರತು, ಚೌಕಾಸಿಗೆ ಅಲ್ಲಿ ಜಾಗವಾದರೂ ಎಷ್ಟಿದೆ ಎಂದಲ್ಲ. ನನ್ನ ತಕರಾರು ಇರುವುದು ಅಲ್ಲಿಯೇ. ಯುದ್ಧವಿಮಾನದ ವ್ಯಾಪಾರದಲ್ಲಿ ಗಿರಾಕಿಗೆ ಉಪಚಾರ ನಡೆಯುವುದು ಸಹಿ ಹಾಕುವವರೆಗೆ. ಆಮೇಲೆ ಅವನ ಜುಟ್ಟು ಮಾರಿದವನ ಕೈಯಲ್ಲಿ.

ಲೆಕ್ಕಾಚಾರದಲ್ಲಿ ಸ್ವಿಟ್ಜರ್ಲೆಂಡಿನವರನ್ನು ಮೀರಿಸುವ ಗಿರಾಕಿ ಸಿಗುವುದು ಕಷ್ಟ. ಅಲ್ಲಿ ಯುದ್ಧವಿಮಾನ ಬೇಕೇ ಬೇಡವೇ ಎಂದು ಜನರೇ ಮತ ಹಾಕಿ ತೀರ್ಮಾನಿಸುತ್ತಾರೆ. 2014ರಲ್ಲಿ 22 ಗ್ರಿಪೆನ್ ಕೊಳ್ಳುವ ಪ್ರಸ್ತಾಪವನ್ನು ಜನಮತಗಣನೆಯಲ್ಲಿ ತಳ್ಳಿಹಾಕಿದರು. 2020ರಲ್ಲಿ 600 ಕೋಟಿ ಫ್ರಾಂಕ್ ವೆಚ್ಚಕ್ಕೆ ಕೂದಲೆಳೆಯ ಅಂತರದಲ್ಲಿ, ಶೇ 50.1 ಮತಗಳಿಂದ, ಒಪ್ಪಿಗೆ ಸಿಕ್ಕಿತು. ಆಮೇಲೆ ನಾಲ್ಕು ವಿಮಾನಗಳನ್ನು ಅಳೆದು ತೂಗಿ, ಅಂಕ ಹಾಕಿ, 2021ರ ಜೂನ್‌ನಲ್ಲಿ ಫಲಿತಾಂಶ ಪ್ರಕಟಿಸಿದರು: ಎಫ್-35 ಎಲ್ಲರಿಗಿಂತ ಮುಂದೆ, ಬೆಲೆಯಲ್ಲೂ ನಂತರದವರಿಗಿಂತ ಸುಮಾರು 200 ಕೋಟಿ ಫ್ರಾಂಕ್ ಅಗ್ಗ. 36 ವಿಮಾನಗಳು, ನಿಗದಿತ ದರ, ಒಂದು ಫ್ರಾಂಕ್ ಕೂಡ ಏರುವುದಿಲ್ಲ ಎಂದು ಸರ್ಕಾರ ಸಂಸತ್ತಿಗೂ ಜನರಿಗೂ ಭರವಸೆ ಕೊಟ್ಟಿತು. ವಕೀಲರ ಅಭಿಪ್ರಾಯವನ್ನೂ ಪಡೆದು ಇಟ್ಟುಕೊಂಡಿತ್ತು. 2025ರಲ್ಲಿ ಅಮೆರಿಕದಿಂದ ಉತ್ತರ ಬಂತು: ನಿಗದಿತ ದರ ಎಂಬುದು ನಿಮ್ಮ ತಪ್ಪು ತಿಳಿವಳಿಕೆ. 65 ಕೋಟಿಯಿಂದ 130 ಕೋಟಿ ಫ್ರಾಂಕಿನವರೆಗೆ ಹೆಚ್ಚುವರಿ ತೆರಬೇಕಾದೀತೆಂದು ಸ್ವಿಸ್ ಸರ್ಕಾರವೇ ಹೇಳಬೇಕಾಯಿತು. ಅದೇ ಬೇಸಿಗೆಯಲ್ಲಿ ಅಮೆರಿಕ ಸ್ವಿಸ್ ಸರಕುಗಳ ಮೇಲೆ ಶೇ 39ರ ಸುಂಕ ಹೇರಿತು. ಒಪ್ಪಂದ ಹರಿದುಹಾಕಿ ಎಂಬ ಕೂಗೆದ್ದಿತು. ಸರ್ಕಾರ ಹರಿಯಲಿಲ್ಲ, ಹರಿಯುವ ಸ್ಥಿತಿಯಲ್ಲಿ ಇರಲೂ ಇಲ್ಲ. ಹಳೆಯ ವಿಮಾನಗಳ ಆಯುಸ್ಸು ಮುಗಿಯುತ್ತ ಬಂದಿತ್ತು, ಮತ್ತೊಂದು ಸ್ಪರ್ಧೆ ನಡೆಸಲು ವರ್ಷಗಳೇ ಬೇಕಿತ್ತು. ಜಗತ್ತಿನ ಅತ್ಯಂತ ಶುದ್ಧವಾದ ಸ್ಪರ್ಧೆ ನಡೆಸಿದ ದೇಶದ ಪಾಡು ಇದು.

ಹೀಗಾದದ್ದು ಸ್ವಿಸ್ ಅಧಿಕಾರಿಗಳು ಪೆದ್ದರಾಗಿದ್ದರಿಂದಲ್ಲ. ವಿಮಾನ ಮಾರುವವರು ನಿಜವಾಗಿ ಮಾರುವುದು ವಿಮಾನವನ್ನಲ್ಲ, ಮೂವತ್ತು ನಲವತ್ತು ವರ್ಷ ಅದನ್ನು ಹಾರಿಸಲು ಬೇಕಾದ ಅಪ್ಪಣೆಯನ್ನು. ಬಿಡಿಭಾಗ, ಎಂಜಿನ್ ದುರಸ್ತಿ, ಕ್ಷಿಪಣಿ, ರೇಡಾರಿಗೆ ಶತ್ರುವನ್ನು ಗುರುತಿಸಲು ಬೇಕಾದ ಮಾಹಿತಿ, ವರ್ಷವರ್ಷ ಬದಲಾಗುವ ತಂತ್ರಾಂಶ, ಎಲ್ಲಕ್ಕೂ ಮಾರಿದ ದೇಶದ ಸರ್ಕಾರದ ರುಜು ಬೇಕು. ಇದು ಅಂಗಡಿಯ ವ್ಯವಹಾರವಲ್ಲ, ಬೀಗತನ. ಸಂಬಂಧ ನೋಡುವಾಗಿನ ಮರ್ಯಾದೆಯೇ ಬೇರೆ, ಹೆಣ್ಣು ಕೊಟ್ಟು ತಂದ ಮೇಲಿನ ಮಾತೇ ಬೇರೆ. ಎಫ್-35ರಲ್ಲಿ ದೂರದಿಂದಲೇ ವಿಮಾನ ನಿಲ್ಲಿಸುವ ಗುಪ್ತ ಗುಂಡಿ ಇದೆಯಂತೆ ಎಂದು 2025ರಲ್ಲಿ ಯುರೋಪಿನಾದ್ಯಂತ ಗುಲ್ಲೆದ್ದು, ಒಂದೊಂದು ಸರ್ಕಾರವೂ ಹಾಗೇನಿಲ್ಲ ಎಂದು ಸಮಜಾಯಿಷಿ ಕೊಟ್ಟಿತು. ಗುಂಡಿ ಯಾಕೆ ಬೇಕು? ಬಿಡಿಭಾಗದ ಪೆಟ್ಟಿಗೆ ಹಡಗು ಹತ್ತದಿದ್ದರೆ ಸಾಕು, ಕೆಲವೇ ತಿಂಗಳಲ್ಲಿ ವಿಮಾನ ತಾನೇ ನೆಲ ಹಿಡಿಯುತ್ತದೆ.

ಟರ್ಕಿ ಬರೀ ಗಿರಾಕಿಯಲ್ಲ, 2002ರಿಂದ ಎಫ್-35 ಯೋಜನೆಯ ಪಾಲುದಾರ. ಹಣ ಹಾಕಿತ್ತು, ಅದರ ಕಾರ್ಖಾನೆಗಳು ವಿಮಾನದ ನೂರಾರು ಭಾಗಗಳನ್ನು ತಯಾರಿಸುತ್ತಿದ್ದವು. 2018ರ ಜೂನ್‌ನಲ್ಲಿ ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ಸಮಾರಂಭ ನಡೆದು ಮೊದಲ ವಿಮಾನದ ಹಸ್ತಾಂತರವೂ ಆಯಿತು. ಟರ್ಕಿಯ ಪೈಲಟ್‌ಗಳು ಅಮೆರಿಕದಲ್ಲೇ ತರಬೇತಿಗೆ ಕೂತಿದ್ದರು. ರಷ್ಯದಿಂದ ಎಸ್-400 ಕ್ಷಿಪಣಿ ವ್ಯವಸ್ಥೆ ತರಿಸಿದ್ದೇ ನೆಪವಾಗಿ 2019ರ ಜುಲೈನಲ್ಲಿ ಟರ್ಕಿಯನ್ನೇ ಯೋಜನೆಯಿಂದ ಹೊರಗೆ ಹಾಕಲಾಯಿತು. ಟರ್ಕಿಗೆಂದು ತಯಾರಾಗಿದ್ದ ವಿಮಾನಗಳಲ್ಲಿ ಎಂಟನ್ನು ಅಮೆರಿಕದ ವಾಯುಪಡೆ ತಾನೇ ಇಟ್ಟುಕೊಂಡಿತು. ಪಾಕಿಸ್ತಾನದ ಕಥೆ ಇದಕ್ಕಿಂತ ಹಳೆಯದು. 1990ರಲ್ಲಿ ಅಣ್ವಸ್ತ್ರ ತಡೆಯ ಪ್ರೆಸ್ಲರ್ ತಿದ್ದುಪಡಿಯಡಿ ಅಮೆರಿಕ ತಡೆಹಿಡಿದ 28 ಎಫ್-16ಗಳಿಗೆ ಪಾಕಿಸ್ತಾನ ಆಗಲೇ 65 ಕೋಟಿ ಡಾಲರ್‌ಗೂ ಹೆಚ್ಚು ಪಾವತಿಸಿತ್ತು. ವಿಮಾನಗಳು ಅರಿಜೋನಾದ ಮರುಭೂಮಿಯಲ್ಲಿ ವರ್ಷಗಟ್ಟಲೆ ನಿಂತವು. ಹಣ ಪೂರ್ತಿ ವಾಪಸು ಬರಲಿಲ್ಲ. 1998ರ ಕೊನೆಯಲ್ಲಿ ಲೆಕ್ಕ ಚುಕ್ತಾ ಆದಾಗ ಒಂದು ಪಾಲು ಗೋಧಿಯ ರೂಪದಲ್ಲಿ ಸಂದಾಯವಾಯಿತು. ಯುದ್ಧವಿಮಾನಕ್ಕೆ ದುಡ್ಡು ಕೊಟ್ಟು ಗೋಧಿ ಪಡೆದ ದೇಶವನ್ನು ನೋಡಿ ನಮ್ಮಲ್ಲಿ ಅನೇಕರು ನಕ್ಕರು.

ನಗುವ ಮೊದಲು 1978ನ್ನು ನೆನಪಿಸಿಕೊಳ್ಳಬಹುದಿತ್ತು. ಆಗ ನಮ್ಮ ವಾಯುಪಡೆಗೆ ಶತ್ರುನೆಲದ ಒಳನುಗ್ಗಿ ಬಾಂಬು ಹಾಕುವ ವಿಮಾನ ಬೇಕಿತ್ತು. ಬ್ರಿಟಿಷ್-ಫ್ರೆಂಚ್ ಜಾಗ್ವಾರ್, ಫ್ರಾನ್ಸಿನ ಮಿರಾಜ್ ಎಫ್1, ಸ್ವೀಡನ್ನಿನ ವಿಗೆನ್ ಕಣದಲ್ಲಿದ್ದವು. ಸ್ವೀಡನ್ ಆಗ ಯಾವ ಬಣಕ್ಕೂ ಸೇರದ ದೇಶ, ನಾವೂ ಅಲಿಪ್ತರು. ಒಳ್ಳೆಯ ಜೋಡಿ ಎನಿಸಬಹುದು. ಆದರೆ ವಿಗೆನ್ ಒಡಲಲ್ಲಿದ್ದ ಎಂಜಿನ್‌ನ ಮೂಲ ಅಮೆರಿಕದ್ದು. ಭಾರತಕ್ಕೆ ಮಾರಬೇಡಿ ಎಂದು ಕಾರ್ಟರ್ ಸರ್ಕಾರ ಸ್ವೀಡನ್ನಿಗೆ ಹೇಳಿತು, ಅಲ್ಲಿಗೆ ವಿಗೆನ್ ಕಣದಿಂದ ಹೊರಗೆ. ನಮ್ಮ ತಜ್ಞರು ಅದಕ್ಕೆ ಎಷ್ಟು ಅಂಕ ಕೊಟ್ಟಿದ್ದರು ಎಂಬುದು ಲೆಕ್ಕಕ್ಕೇ ಬರಲಿಲ್ಲ. ಕೊನೆಗೆ ಬಂದದ್ದು ಜಾಗ್ವಾರ್. ಅದನ್ನು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವರ್ಷಾನುಗಟ್ಟಲೆ ಕಟ್ಟಿದೆವು. ತಯಾರಿಸಿದ ದೇಶಗಳೇ ಅದನ್ನು ಗುಜರಿಗೆ ಹಾಕಿದ ಮೇಲೂ ನಾವು ಹಾರಿಸುತ್ತಿದ್ದೇವೆ. ಬಿಡಿಭಾಗಕ್ಕಾಗಿ ಫ್ರಾನ್ಸಿನಿಂದ 31 ಹಳೆಯ ಜಾಗ್ವಾರ್ ಒಡಲುಗಳನ್ನು ತರಿಸಿಕೊಂಡೆವು.

ಒಂದು ವಿಮಾನಕ್ಕೆ ಒಬ್ಬನೇ ಮಾಲೀಕ ಎಂದು ಭಾವಿಸುವುದೇ ತಪ್ಪು. ಅರ್ಜೆಂಟೀನಾವನ್ನು ನೋಡಿ. 1982ರ ಫಾಕ್‌ಲ್ಯಾಂಡ್ಸ್ ಯುದ್ಧದ ನಂತರ ಬ್ರಿಟನ್ ಅದಕ್ಕೆ ಯುದ್ಧಸಾಮಗ್ರಿ ಮಾರಗೊಡುವುದಿಲ್ಲ. ಮಾರಗೊಡದಿದ್ದರೆ ಬೇಡ, ಬೇರೆಯವರಿದ್ದಾರಲ್ಲ? ಅರ್ಜೆಂಟೀನಾ ದಕ್ಷಿಣ ಕೊರಿಯದ ಎಫ್‌ಎ-50 ಕೇಳಿತು. ಅದರಲ್ಲಿ ಬ್ರಿಟಿಷ್ ಭಾಗಗಳಿದ್ದವು, 2020ರಲ್ಲಿ ಬ್ರಿಟನ್ ಅಡ್ಡಗಾಲು ಹಾಕಿತು. ಗ್ರಿಪೆನ್ ಮೇಲೆ ಕಣ್ಣು ಹಾಕಿದಾಗಲೂ ಇದೇ ಅಡ್ಡಿ. ಚೀನಾ-ಪಾಕಿಸ್ತಾನದ ಜೆಎಫ್-17 ಆಗಬಹುದೇ ಎಂದರೆ, ಅಪಾಯದಲ್ಲಿ ಪೈಲಟ್‌ನನ್ನು ಹೊರಕ್ಕೆ ಎಸೆದು ಬದುಕಿಸುವ ಅದರ ಆಸನ ಮಾರ್ಟಿನ್-ಬೇಕರ್ ಎಂಬ ಬ್ರಿಟಿಷ್ ಕಂಪನಿಯದು. ನಮ್ಮ ತೇಜಸ್ ತೋರಿಸಿದೆವು. ಅದರ ಆಸನವೂ ಮಾರ್ಟಿನ್-ಬೇಕರ್‌ನದೇ. ಶಬ್ದಾತೀತ ವೇಗ, ಅತ್ಯಾಧುನಿಕ ರೇಡಾರ್, ಗುಂಪುಗುಂಪಾಗಿ ಎಂಜಿನಿಯರುಗಳು, ಇಷ್ಟೆಲ್ಲ ಇದ್ದೂ ಪೈಲಟ್ ಕೂರುವ ಕುರ್ಚಿ ಯಾರದು ಎಂಬುದು ಒಂದು ಖಂಡದ ದೊಡ್ಡ ದೇಶಕ್ಕೆ ವಿಮಾನ ಸಿಗುವುದೋ ಇಲ್ಲವೋ ಎಂದು ತೀರ್ಮಾನಿಸಿತು. ಕಡೆಗೆ 2024ರಲ್ಲಿ ಡೆನ್ಮಾರ್ಕ್ ಬಳಸಿ ಬಿಟ್ಟ 24 ಎಫ್-16ಗಳು ಅದರ ಪಾಲಿಗೆ ಬಂದವು. ಅದೂ ಅಮೆರಿಕ ಮನಸ್ಸು ಮಾಡಿದ್ದರಿಂದ, ಚೀನಾದ ವಿಮಾನ ಅಲ್ಲಿ ಇಳಿಯಬಾರದೆಂಬ ಕಾರಣಕ್ಕೆ. ಅರ್ಜೆಂಟೀನಾದ ಚೌಕಾಸಿಯ ಜಾಣತನ ಇಲ್ಲಿ ಎಲ್ಲಿ ಕೆಲಸ ಮಾಡಿತು, ಯಾರಾದರೂ ತೋರಿಸಲಿ.

ಇನ್ನು ಸ್ಪರ್ಧೆ ಎಂಬುದರ ಮರ್ಯಾದೆ. 2002ರಲ್ಲಿ ದಕ್ಷಿಣ ಕೊರಿಯ ರಫೇಲ್ ಮತ್ತು ಅಮೆರಿಕದ ಎಫ್-15ಗಳನ್ನು ಒರೆಗೆ ಹಚ್ಚಿತು. ಮೊದಲ ಸುತ್ತಿನ ಅಂಕಗಳಲ್ಲಿ ಅಂತರ ತೀರಾ ಕಡಿಮೆ ಎಂದು ಹೇಳಿ ಎರಡನೆಯ ಸುತ್ತಿಗೆ ಹೋದರು. ಆ ಸುತ್ತಿನಲ್ಲಿ ತೂಗಿದ್ದು ಅಮೆರಿಕದ ಜೊತೆಗಿನ ಸೇನಾ ಸಂಬಂಧ. ಗೆದ್ದದ್ದು ಎಫ್-15. 2013ರಲ್ಲಿ ಅದೇ ದೇಶದಲ್ಲಿ ಮತ್ತೊಂದು ಸ್ಪರ್ಧೆ. ಬಜೆಟ್ಟಿನ ಒಳಗೆ ನಿಂತದ್ದು ಬೋಯಿಂಗ್ ಒಂದೇ. ಅದನ್ನು ತಿರಸ್ಕರಿಸಿ, ಮುಂದಿನ ವರ್ಷ ಲಾಕ್‌ಹೀಡ್‌ನ 40 ಎಫ್-35ಗಳಿಗೆ ಒಪ್ಪಿದರು. ಬ್ರೆಜಿಲ್‌ನಲ್ಲಿ 2009ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಲೂಲಾ ಫ್ರಾನ್ಸಿನ ಸರ್ಕೋಜಿಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ರಫೇಲ್ ಎಂದರು. ಬಳಿಕ ಬೋಯಿಂಗ್ ಮುಂದೆ ಬಂತು. 2013ರಲ್ಲಿ, ಅಮೆರಿಕ ತಮ್ಮ ಸಂಭಾಷಣೆಗಳನ್ನೇ ಕದ್ದು ಕೇಳುತ್ತಿತ್ತೆಂದು ಸ್ನೋಡೆನ್ ದಾಖಲೆಗಳಿಂದ ತಿಳಿದು ಆಗಿನ ಅಧ್ಯಕ್ಷೆ ದಿಲ್ಮಾ ರೂಸೆಫ್ ವಾಷಿಂಗ್ಟನ್ ಭೇಟಿಯನ್ನೇ ರದ್ದು ಮಾಡಿದರು. ಆ ಡಿಸೆಂಬರ್‌ನಲ್ಲಿ ಆಯ್ಕೆಯಾದದ್ದು ಗ್ರಿಪೆನ್. ಅದಕ್ಕೂ ಮೊದಲು, 2003ರಲ್ಲಿ, ಪೋಲೆಂಡ್ 48 ಎಫ್-16 ಕೊಂಡಾಗ ಅದಕ್ಕೆ ಬೇಕಾದ ಸಾಲವನ್ನು ಅಮೆರಿಕವೇ ಕೊಟ್ಟಿತು. ಅದೇ ವರ್ಷ ಪೋಲೆಂಡಿನ ಸೈನಿಕರು ಇರಾಕಿನಲ್ಲಿದ್ದರು. ಈ ಯಾವ ತೀರ್ಮಾನವೂ ಅಂಕಪಟ್ಟಿಯಿಂದ ಹುಟ್ಟಿದ್ದಲ್ಲ. ಅಂಕಪಟ್ಟಿ ಬೇಕಾಗುವುದು ತೀರ್ಮಾನಕ್ಕೆ ಮರ್ಯಾದಸ್ಥ ವೇಷ ತೊಡಿಸಲು.

ನಮ್ಮ ಕಥೆಗೆ ಬರೋಣ. ಜಗತ್ತಿನ ಅತಿ ದೊಡ್ಡ ಯುದ್ಧವಿಮಾನ ಸ್ಪರ್ಧೆ ಎಂದು ಹೆಸರಾದದ್ದು ನಮ್ಮದೇ. 2007ರ ಆಗಸ್ಟ್‌ನಲ್ಲಿ 126 ವಿಮಾನಗಳಿಗೆ ಪ್ರಸ್ತಾವ ಕೋರಲಾಯಿತು. 18 ಸಿದ್ಧ ವಿಮಾನಗಳು, ಉಳಿದ 108 ಎಚ್‌ಎಎಲ್‌ನಲ್ಲಿ ತಯಾರಾಗಬೇಕು. ಎಫ್-16, ಸೂಪರ್ ಹಾರ್ನೆಟ್, ರಫೇಲ್, ಯೂರೋಫೈಟರ್, ಗ್ರಿಪೆನ್, ಮಿಗ್-35, ಆರು ಹುರಿಯಾಳುಗಳು. ಬೆಂಗಳೂರಿನ ತೇವ, ಜೈಸಲ್ಮೇರಿನ ಸುಡುಬಿಸಿಲು, ಲೇಹ್‌ನ ತೆಳುಗಾಳಿ, ಮೂರು ಕಡೆ ಹಾರಿಸಿ ನೋಡಿದರು. 643 ತಾಂತ್ರಿಕ ಅಂಶಗಳ ಪಟ್ಟಿ ಇಟ್ಟುಕೊಂಡು ಒಂದೊಂದಕ್ಕೂ ಗುರುತು ಹಾಕಿದರು. ನಮ್ಮ ಪರೀಕ್ಷಾ ಪೈಲಟ್‌ಗಳು ಮಾಡಿದ ಈ ಕೆಲಸವನ್ನು ಹೊರದೇಶದವರೂ ಮೆಚ್ಚಿದರು, ನಾನೂ ಮೆಚ್ಚುತ್ತೇನೆ. 2011ರ ಏಪ್ರಿಲ್‌ನಲ್ಲಿ ಕಣದಲ್ಲಿ ಉಳಿದವು ಎರಡು. 2012ರ ಜನವರಿ 31ರಂದು ಕಡಿಮೆ ದರದ ರಫೇಲ್ ಗೆದ್ದಿತು. ಚೌಕಾಸಿಯ ಸಿದ್ಧಾಂತ ನಿಜವಾಗಿದ್ದರೆ ಇಲ್ಲಿಂದ ಮುಂದೆ ನಮ್ಮದೇ ದರ್ಬಾರು ನಡೆಯಬೇಕಿತ್ತು.

ನಡೆದದ್ದು ಬೇರೆ. ಮೂರು ವರ್ಷ ಮಾತುಕತೆ ಎಳೆಯಿತು. ಬೆಂಗಳೂರಿನಲ್ಲಿ ಕಟ್ಟುವ 108 ವಿಮಾನಗಳ ಗುಣಮಟ್ಟಕ್ಕೆ ತಾನು ಹೊಣೆಯಲ್ಲ ಎಂದು ರಫೇಲ್ ತಯಾರಿಸುವ ಡಸಾಲ್ಟ್ ಹಟ ಹಿಡಿಯಿತು. ಅದೇ ವಿಮಾನ ಕಟ್ಟಲು ಎಚ್‌ಎಎಲ್‌ಗೆ ಎಷ್ಟು ದುಡಿಮೆಯ ಗಂಟೆ ಬೇಕು ಎಂಬುದರ ಮೇಲೆ ಇನ್ನೊಂದು ಜಗಳ. ಎಚ್‌ಎಎಲ್‌ಗೆ ಫ್ರಾನ್ಸಿಗಿಂತ 2.7 ಪಟ್ಟು ಹೆಚ್ಚು ಬೇಕೆಂಬ ಲೆಕ್ಕ ಬಂದಾಗ ಕಡಿಮೆ ದರ ಎಂಬುದೇ ಕುಸಿಯಿತು. 2015ರ ಏಪ್ರಿಲ್‌ನಲ್ಲಿ ಪ್ರಧಾನಿ ಪ್ಯಾರಿಸ್‌ನಲ್ಲಿ 36 ಸಿದ್ಧ ವಿಮಾನಗಳ ಖರೀದಿಯನ್ನು ಘೋಷಿಸಿದರು. 2016ರ ಸೆಪ್ಟೆಂಬರ್‌ನಲ್ಲಿ ಸಹಿ, ಬೆಲೆ ಸುಮಾರು 59,000 ಕೋಟಿ ರೂಪಾಯಿ. ಇದರಲ್ಲಿ ಯಾರು ಎಷ್ಟು ತಿಂದರು ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ, ಅದಕ್ಕೆ ಬೇರೆಯವರು ಬೇಕಾದಷ್ಟಿದ್ದಾರೆ. ನಾನು ಹೇಳುವುದು ಇಷ್ಟೇ: ಒಂಬತ್ತು ವರ್ಷದ ಸ್ಪರ್ಧೆ ಕೊನೆಗೊಂಡದ್ದು ಎರಡು ಸರ್ಕಾರಗಳ ನಡುವಿನ ಒಪ್ಪಂದದಲ್ಲಿ, ಅಂದರೆ ಸ್ಪರ್ಧೆಯೇ ಇಲ್ಲದಿದ್ದರೆ ಮೊದಲ ದಿನವೇ ಎಲ್ಲಿರುತ್ತಿದ್ದೆವೋ ಅಲ್ಲಿ. ವ್ಯತ್ಯಾಸವೆಂದರೆ ಅಷ್ಟರಲ್ಲಿ 126 ಹೋಗಿ 36 ಆಗಿತ್ತು, ಬೆಂಗಳೂರಿನ ಪಾಲು ಸೊನ್ನೆಯಾಗಿತ್ತು. ಸೋತವರಾದರೂ ಬರಿಗೈಲಿ ಹೋದರೇ? 2011ರ ಏಪ್ರಿಲ್‌ನಲ್ಲಿ ಅಮೆರಿಕದ ಎರಡೂ ವಿಮಾನಗಳು ಹೊರಬಿದ್ದವು; ಎರಡೇ ತಿಂಗಳಲ್ಲಿ ಅದೇ ಅಮೆರಿಕದ ಹತ್ತು ಸಿ-17 ಸಾಗಣೆ ವಿಮಾನಗಳಿಗೆ ನಾವು ಒಪ್ಪಂದ ಮಾಡಿಕೊಂಡೆವು.

ಇಷ್ಟಾದ ಮೇಲೂ 2018ರ ಏಪ್ರಿಲ್‌ನಲ್ಲಿ 110 ವಿಮಾನಗಳಿಗೆ ಮತ್ತೊಂದು ಮಾಹಿತಿ ಕೋರಿಕೆ ಹೊರಟಿತು. ಹೆಚ್ಚುಕಡಿಮೆ ಅದೇ ಕಂಪನಿಗಳು ಮತ್ತೆ ಬಂದವು. 2025ರ ಸೆಪ್ಟೆಂಬರ್‌ನಲ್ಲಿ ಚಂಡೀಗಡದಲ್ಲಿ ಕೊನೆಯ ಮಿಗ್-21ಗಳನ್ನು ಬೀಳ್ಕೊಟ್ಟಾಗ ವಾಯುಪಡೆಯ ಸ್ಕ್ವಾಡ್ರನ್‌ಗಳ ಸಂಖ್ಯೆ 29ಕ್ಕೆ ಇಳಿಯಿತು. ಮಂಜೂರಾದದ್ದು 42. ಪೈಪೋಟಿ ಜೋರಾಗಿತ್ತು, ವಿಮಾನ ಮಾತ್ರ ಇರಲಿಲ್ಲ.

ಈ ಪೈಪೋಟಿಯ ಮೆರವಣಿಗೆ ನಡೆಯುವುದು ನಮ್ಮ ಯಲಹಂಕದಲ್ಲಿ. 1996ರಿಂದ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ. ಅದಕ್ಕೂ ಮುಂಚೆ ಬರುವುದು ಪಾಲಿಕೆಯ ಆದೇಶ. 2025ರಲ್ಲಿ ವಾಯುನೆಲೆಯ ಸುತ್ತ 13 ಕಿಲೋಮೀಟರ್ ಒಳಗೆ ಜನವರಿ 23ರಿಂದ ಫೆಬ್ರುವರಿ 17ರವರೆಗೆ ಮಾಂಸ, ಕೋಳಿ, ಮೀನು ಮಾರುವಂತಿಲ್ಲ, ಹೋಟೆಲುಗಳಲ್ಲಿ ಮಾಂಸದೂಟ ಬಡಿಸುವಂತಿಲ್ಲ. ತ್ಯಾಜ್ಯಕ್ಕೆ ಹದ್ದುಗಳು ಸೇರುತ್ತವೆ, ವಿಮಾನಕ್ಕೆ ಬಡಿದರೆ ಅನಾಹುತ. ಕಾರಣ ಸರಿಯೇ, ವಾದವಿಲ್ಲ. ಆದರೆ ಪ್ರದರ್ಶನ ಐದು ದಿನ, ಅಂಗಡಿ ಮುಚ್ಚಿದ್ದು ಇಪ್ಪತ್ತೈದಕ್ಕೂ ಹೆಚ್ಚು ದಿನ. ಜಕ್ಕೂರು, ಕೊಡಿಗೇಹಳ್ಳಿ ಕಡೆಯ ಮಟನ್ ಅಂಗಡಿಯವನು ತಿಂಗಳ ಬಾಡಿಗೆ ಕಟ್ಟಿ ಷಟರ್ ಎಳೆದು ಕೂರಬೇಕು. ಯಾರೂ ಅವನಿಗೆ ಪರಿಹಾರದ ಮಾತೆತ್ತುವುದಿಲ್ಲ. ಸಾವಿರಾರು ಕೋಟಿಯ ವ್ಯಾಪಾರಕ್ಕೆ ಜಾಗ ಮಾಡಿಕೊಟ್ಟು ತನ್ನ ವ್ಯಾಪಾರ ಕಳೆದುಕೊಳ್ಳುವವನು ಆ ಮೈದಾನದ ಸುತ್ತ ಅವನೊಬ್ಬನೇ ಇರಬೇಕು.

ಆ ವರ್ಷ ಎಫ್-35, ಸುಖೋಯ್-57 ಎರಡೂ ಅಲ್ಲಿಗೆ ಬಂದಿದ್ದವು. ಒಂದೇ ರನ್‌ವೇಯಲ್ಲಿ ಅಮೆರಿಕ, ರಷ್ಯ ಎಂದು ಪತ್ರಿಕೆಗಳು ಸಂಭ್ರಮಿಸಿದವು. ಅದೇ ವಾರ ವಾಷಿಂಗ್ಟನ್‌ನಲ್ಲಿ ಟ್ರಂಪ್ ಭಾರತಕ್ಕೆ ಎಫ್-35 ಕೊಡುವ ದಾರಿ ತೆರೆಯುತ್ತಿದ್ದೇವೆ ಎಂದರು. ತಿಂಗಳುಗಟ್ಟಲೆ ಯಾವುದು ಮೇಲು ಎಂಬ ಚರ್ಚೆ ನಡೆಯಿತು, ಗ್ರಾಫಿಕ್ಸ್ ಓಡಿದವು. ಎಫ್-35 ಬಗ್ಗೆ ವಿಧ್ಯುಕ್ತ ಮಾತುಕತೆಯೇ ನಡೆದಿಲ್ಲ ಎಂದು ಆಗಸ್ಟ್‌ನಲ್ಲಿ ಸರ್ಕಾರ ಸಂಸತ್ತಿಗೆ ತಿಳಿಸಿತು. ಅದೇ ತಿಂಗಳು ನಮ್ಮ ಸರಕುಗಳ ಮೇಲೆ ಅಮೆರಿಕದ ಸುಂಕ ಶೇ 50ಕ್ಕೆ ಏರಿತು. ರಷ್ಯದ ತೈಲ ಕೊಂಡದ್ದಕ್ಕೆ ಹೀಗೆ ದಂಡ ಹಾಕುವ ದೇಶ, ತನ್ನ ವಿಮಾನಗಳು ನಮ್ಮ ಹ್ಯಾಂಗರಿನಲ್ಲಿದ್ದರೆ ಇನ್ನೇನು ಮಾಡೀತು ಎಂದು ಆ ಚರ್ಚೆಗಳಲ್ಲಿ ಯಾರೂ ಕೇಳಿದಂತಿಲ್ಲ.

ಎದುರಾಳಿಯ ವಾದದಲ್ಲಿ ಗಟ್ಟಿಯಾದ ಒಂದು ಎಳೆ ಇದೆ, ಅದನ್ನು ಹಾರಿಸಿ ಹೋಗುವುದು ಸರಿಯಲ್ಲ. ಸ್ಪರ್ಧೆ ಇಲ್ಲದಿದ್ದರೆ ಲಂಚಕ್ಕೆ ಹೆಬ್ಬಾಗಿಲು ತೆರೆದಂತೆ, ಟೆಂಡರ್ ಇದ್ದರೆ ಕನಿಷ್ಠ ಕಾಗದ ಪತ್ರ ಇರುತ್ತದೆ ಎನ್ನುತ್ತಾರೆ. ಬೊಫೋರ್ಸ್ ಕಂಡ ದೇಶದಲ್ಲಿ ಈ ಭಯ ಸಹಜ. ಆದರೆ ಚರಿತ್ರೆ ಅವರ ಪರ ನಿಲ್ಲುವುದಿಲ್ಲ. ನೆದರ್ಲೆಂಡ್ಸ್ ರಾಣಿಯ ಗಂಡ ರಾಜಕುಮಾರ ಬರ್ನ್‌ಹಾರ್ಡ್ ಲಾಕ್‌ಹೀಡ್‌ನಿಂದ 11 ಲಕ್ಷ ಡಾಲರ್ ಪಡೆದದ್ದು 1976ರಲ್ಲಿ ಹೊರಬಿತ್ತು. ಕಂಪನಿಗಳು ಪೈಪೋಟಿಗೆ ಬಿದ್ದ ಕಾಲದಲ್ಲೇ, ಪೈಪೋಟಿಯಲ್ಲಿ ಗೆಲ್ಲಲೆಂದೇ ಆ ಹಣ ಹರಿದದ್ದು. ಪೈಪೋಟಿ ಲಂಚವನ್ನು ತಡೆಯುವುದಿಲ್ಲ, ಅದಕ್ಕೆ ಬೇಡಿಕೆ ಹುಟ್ಟಿಸುತ್ತದೆ. ಸಿಕ್ಕಿಬಿದ್ದರೆ ಏನಾಗುತ್ತದೆ? 1985ರ ಸೌದಿ ಟೊರ್ನೇಡೊ ಒಪ್ಪಂದದ ಲಂಚದ ತನಿಖೆಯನ್ನು ಬ್ರಿಟನ್‌ನ ಟೋನಿ ಬ್ಲೇರ್ ಸರ್ಕಾರದ ಕಾಲದಲ್ಲಿ, 2006ರ ಡಿಸೆಂಬರ್‌ನಲ್ಲಿ, ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಮುಚ್ಚಿಹಾಕಿದರು. ನಮ್ಮಲ್ಲಿ 2019ರಲ್ಲಿ ಸಿಎಜಿ ವರದಿ ಬಂದಾಗ ರಫೇಲ್ ದರದ ಅಂಕಿಗಳನ್ನೇ ಮುಚ್ಚಲಾಗಿತ್ತು. ಶೇಕಡಾವಾರು ಇತ್ತು, ರೂಪಾಯಿ ಇರಲಿಲ್ಲ. ಪೈಪೋಟಿಯಿಂದ ಬೆಲೆ ಇಳಿಯುತ್ತದೆ ಎಂಬ ಸಿದ್ಧಾಂತ, ಬೆಲೆಯೇ ಕಾಣದ ಕಡೆ ಹೇಗೆ ಸಾಬೀತಾಗುತ್ತದೋ ತಿಳಿಯದು.

ತಂತ್ರಜ್ಞಾನ ವರ್ಗಾವಣೆಯ ವಿಷಯದಲ್ಲಿ ನಾನು ಒಂದಿಷ್ಟು ಬಿಟ್ಟುಕೊಡಬೇಕು. ಬ್ರೆಜಿಲ್ 36 ಗ್ರಿಪೆನ್ ಕೊಂಡು ತನ್ನ ಎಂಜಿನಿಯರುಗಳನ್ನು ಸ್ವೀಡನ್ನಿಗೆ ಕಳಿಸಿತು, 2023ರಲ್ಲಿ ಗವಿಯಾವ್ ಪೆಯ್‌ಶೋತೊದಲ್ಲಿ ಜೋಡಣೆ ಘಟಕ ತೆರೆಯಿತು. ಗಿರಾಕಿಗೆ ಸಿಕ್ಕ ನಿಜವಾದ ಲಾಭ ಇದು. ಆದರೂ ಆ ಗ್ರಿಪೆನ್‌ನ ಎಂಜಿನ್ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು. ಬೇರೆ ದೇಶಕ್ಕೆ ಮಾರಬೇಕೆಂದರೆ ಮತ್ತೆ ಅದೇ ಬಾಗಿಲು ಬಡಿಯಬೇಕು. ದಕ್ಷಿಣ ಕೊರಿಯದ ಪಾಠ ಇನ್ನೂ ಖಾರವಾಗಿದೆ. ಎಫ್-35 ಕೊಂಡರೆ ತಮ್ಮದೇ ವಿಮಾನ ಕಟ್ಟಲು ನೆರವು ಸಿಗುತ್ತದೆಂದು ನಂಬಿದ್ದರು. 2015ರಲ್ಲಿ ಅಮೆರಿಕ ರೇಡಾರ್ ಸೇರಿದಂತೆ ನಾಲ್ಕು ಮುಖ್ಯ ತಂತ್ರಜ್ಞಾನಗಳನ್ನು ಕೊಡುವುದಿಲ್ಲ ಎಂದುಬಿಟ್ಟಿತು. ಕೊರಿಯದವರು ಹಲ್ಲು ಕಚ್ಚಿ ರೇಡಾರನ್ನು ತಾವೇ ಮಾಡಿಕೊಂಡರು. 2022ರಲ್ಲಿ ಕೆಎಫ್-21 ಹಾರಿತು. ಅವರಿಗೆ ತಂತ್ರಜ್ಞಾನ ಬಂದದ್ದು ಒಪ್ಪಂದದಿಂದಲ್ಲ, ಒಪ್ಪಂದ ಕೈಕೊಟ್ಟಿದ್ದರಿಂದ.

ನಮಗೆ ಕೈಕೊಟ್ಟ ಒಪ್ಪಂದಗಳಿಗೇನೂ ಬರವಿಲ್ಲ, ಹಲ್ಲು ಕಚ್ಚುವ ಅಭ್ಯಾಸ ಮಾತ್ರ ಬರಲಿಲ್ಲ. ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ವಿನ್ಯಾಸಕ ಬೆಂಗಳೂರಿಗೆ ಬಂದು ಎಚ್‌ಎಎಲ್‌ನಲ್ಲಿ ರೂಪಿಸಿದ ಮಾರುತ್ 1961ರ ಜೂನ್ 17ರಂದು ಹಾರಿತು. ಏಷ್ಯದಲ್ಲಿ ಆ ಮಟ್ಟದ ಪ್ರಯತ್ನ ಆಗ ಅಪರೂಪ. ಒಡಲು ಶಬ್ದದ ಎರಡು ಪಟ್ಟು ವೇಗಕ್ಕೆ ತಯಾರು, ಅದಕ್ಕೆ ತಕ್ಕ ಎಂಜಿನ್ ಮಾತ್ರ ಇಲ್ಲ. ಬ್ರಿಟನ್‌ನಲ್ಲಿ ರೂಪುಗೊಳ್ಳುತ್ತಿದ್ದ ಆರ್ಫಿಯಸ್ ಎಂಜಿನ್‌ನ ಬಲಿಷ್ಠ ಮಾದರಿಯನ್ನು ನಂಬಿಕೊಂಡಿದ್ದೆವು. ಅದನ್ನು ಪೂರ್ತಿಗೊಳಿಸಲು ಹಣ ಹಾಕಿ ಎಂದಾಗ ಕೈ ಹಿಂದೆ ತೆಗೆದೆವು. ಆಮೇಲೆ ಈಜಿಪ್ಟಿನ ಎಂಜಿನ್ ಹಿಂದೆ ಹೋದೆವು. ಕಡೆಗೆ ಬಡಕಲು ಎಂಜಿನ್ ಹೊತ್ತು 147 ಮಾರುತ್‌ಗಳು ತಯಾರಾಗಿ, 1971ರ ಯುದ್ಧದಲ್ಲಿ ಚೆನ್ನಾಗಿಯೇ ದುಡಿದು, ತೆರೆಮರೆಗೆ ಸರಿದವು. ಅಷ್ಟರಲ್ಲಿ ರಷ್ಯದ ಮಿಗ್-21 ಬಂದು ಕೂತಿತ್ತು. ಹೊರಗಿನ ವಿಮಾನ ಸುಲಭವಾಗಿ ಸಿಗುವಾಗ ನಮ್ಮ ಎಂಜಿನ್‌ಗೆ ಯಾಕೆ ಹಣ ಎಂಬ ಪ್ರಶ್ನೆ ಆಗಲೇ ಹುಟ್ಟಿದ್ದು, ಇನ್ನೂ ಸತ್ತಿಲ್ಲ.

ಕಾವೇರಿ ಎಂಜಿನ್ ಅದೇ ಪ್ರಶ್ನೆಯ ಬಲಿ. ಬೆಂಗಳೂರಿನ ಸಿ.ವಿ. ರಾಮನ್ ನಗರದ ಜಿಟಿಆರ್‌ಇ ಪ್ರಯೋಗಾಲಯಕ್ಕೆ 1989ರಲ್ಲಿ ಮಂಜೂರಾದ ಯೋಜನೆ. 2008ರಲ್ಲಿ ತೇಜಸ್‌ನಿಂದ ಅದನ್ನು ಬೇರ್ಪಡಿಸಿದರು. ಕಾವೇರಿ ಸೋತಿತು ಎಂದು ಎಲ್ಲರಿಗೂ ಗೊತ್ತು, ಅದಕ್ಕೆ ಕೊಟ್ಟಿದ್ದೆಷ್ಟು ಎಂಬುದು ಗೊತ್ತಿಲ್ಲ: ಸುಮಾರು ಮೂರು ದಶಕಗಳಲ್ಲಿ ಎರಡು ಸಾವಿರ ಕೋಟಿ ಚಿಲ್ಲರೆ. ಎರಡು ರಫೇಲ್ ಕೊಳ್ಳಲು ಇದಕ್ಕಿಂತ ಹೆಚ್ಚು ಬೇಕಾಯಿತು. ಎಂಜಿನ್ನನ್ನು ಹಾರಾಟದಲ್ಲಿ ಪರೀಕ್ಷಿಸಲು ಬೇಕಾದ ವಿಮಾನ ದೇಶದಲ್ಲಿ ಇರಲಿಲ್ಲ. ಅದನ್ನು ಕಟ್ಟಿ ಹಡಗಿಗೋ ವಿಮಾನಕ್ಕೋ ಹತ್ತಿಸಿ ಮಾಸ್ಕೋ ಬಳಿಯ ಗ್ರೊಮೊವ್ ಸಂಸ್ಥೆಗೆ ಒಯ್ದು, ಅವರ ಇಲ್ಯೂಷಿನ್-76ರ ರೆಕ್ಕೆಗೆ ತೂಗುಹಾಕಿ 2010ರಲ್ಲಿ ಹಾರಿಸಿದರು. ಅಲ್ಲಿ ಒಂದು ತೊಂದರೆ ಕಂಡರೆ ಬೆಂಗಳೂರಿಗೆ ತಂದು ಸರಿಮಾಡಿ ಮತ್ತೆ ಅವರ ಸರದಿ ಕಾಯಬೇಕು. ಹೀಗೆ ಎಂಜಿನ್ ಮಾಡಿ ಗೆದ್ದವರು ಜಗತ್ತಿನಲ್ಲಿ ಇಲ್ಲ. ಸೋತದ್ದು ಜಿಟಿಆರ್‌ಇ ಎಂಜಿನಿಯರುಗಳಲ್ಲ ಎಂದು ನಾನು ಹೇಳುವುದಿಲ್ಲ; ಅವರ ಲೆಕ್ಕಾಚಾರದಲ್ಲೂ ಆಡಳಿತದಲ್ಲೂ ಹುಳುಕುಗಳಿದ್ದವು. ಆದರೆ ಸೋಲುವುದಕ್ಕೆ ಬೇಕಾದ ವ್ಯವಸ್ಥೆಯನ್ನೆಲ್ಲ ಒದಗಿಸಿಕೊಟ್ಟವರು ದೆಹಲಿಯವರು.

ಫಲ ಈಗ ಕಣ್ಣಮುಂದಿದೆ. 2021ರಲ್ಲಿ 83 ತೇಜಸ್ ಮಾರ್ಕ್-1ಎಗೆ ಎಚ್‌ಎಎಲ್ ಜೊತೆ ಒಪ್ಪಂದವಾಯಿತು. ಅದೇ ವರ್ಷ ಅದಕ್ಕಾಗಿ ಜನರಲ್ ಎಲೆಕ್ಟ್ರಿಕ್‌ಗೆ 99 ಎಂಜಿನ್‌ಗಳ ಬೇಡಿಕೆ ಹೋಯಿತು. ವಿಮಾನ 2024ರ ಮಾರ್ಚ್‌ನಿಂದ ಬರಬೇಕಿತ್ತು. ಮೊದಲ ಎಂಜಿನ್ ಕೈಗೆ ಬಂದದ್ದೇ 2025ರ ಮಾರ್ಚ್‌ನಲ್ಲಿ. ಒಡಲು ತಯಾರಾಗಿ ಎಂಜಿನ್ ಇಲ್ಲದೆ ಬೆಂಗಳೂರಿನಲ್ಲಿ ನಿಂತವು. ಆ ಫೆಬ್ರುವರಿಯಲ್ಲಿ ಯಲಹಂಕದಲ್ಲೇ ವಾಯುಪಡೆಯ ಮುಖ್ಯಸ್ಥರು ಎಚ್‌ಎಎಲ್ ಮೇಲೆ ನಂಬಿಕೆ ಇಲ್ಲ ಎಂದು ಕ್ಯಾಮೆರಾ ಎದುರೇ ಹೇಳಿದರು. ಎಚ್‌ಎಎಲ್‌ಗೆ ಬೈಸಿಕೊಳ್ಳುವಷ್ಟು ತಪ್ಪುಗಳಿವೆ. ಆದರೆ ತಡಮಾಡಿದ ಎಂಜಿನ್ ಮಾರಾಟಗಾರನಿಗೆ ಯಾರೂ ಹಾಗೆ ಬೈಯಲಿಲ್ಲ. ಬೈದರೆ ಎಂಜಿನ್ ಇನ್ನೂ ತಡವಾದೀತೆಂಬ ಅಳುಕು. ಗಿರಾಕಿಯ ಬಲ ಎಂದರೆ ಇದೇ ಇರಬೇಕು.

ಈ ವ್ಯಾಪಾರದ ಇನ್ನೊಂದು ಮುಖ ನಮಗೆ ಈಚೆಗೆ ಹತ್ತಿರದಿಂದ ಕಂಡಿತು. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ನಡೆದ ಘರ್ಷಣೆಯ ನಾಲ್ಕು ದಿನಗಳಲ್ಲಿ ಎರಡೂ ಕಡೆ ಜನ ಸಾಯುತ್ತಿದ್ದಾಗ ಚೀನಾದಲ್ಲಿ ಜೆ-10 ತಯಾರಿಸುವ ಕಂಪನಿಯ ಷೇರು ಜಿಗಿಯಿತು, ಪ್ಯಾರಿಸ್‌ನಲ್ಲಿ ಡಸಾಲ್ಟ್ ಷೇರು ಇಳಿಯಿತು. ನಮ್ಮ ಕಡೆ ವಿಮಾನಗಳು ನಷ್ಟವಾದದ್ದನ್ನು ರಕ್ಷಣಾ ಪಡೆಗಳ ಮುಖ್ಯಸ್ಥರು ಸಿಂಗಪುರದಲ್ಲಿ ಒಪ್ಪಿಕೊಂಡರು, ಸಂಖ್ಯೆ ಹೇಳಲಿಲ್ಲ. ಆಮೇಲಿನ ತಿಂಗಳುಗಳಲ್ಲಿ ರಫೇಲ್ ಮಾರಾಟ ಕೆಡಿಸಲು ಚೀನಾ ತನ್ನ ರಾಯಭಾರ ಕಚೇರಿಗಳ ಮೂಲಕ ಪ್ರಚಾರ ನಡೆಸುತ್ತಿದೆ ಎಂದು ಫ್ರೆಂಚ್ ಗುಪ್ತಚರ ಅಧಿಕಾರಿಗಳು ದೂರಿದರು, ಚೀನಾ ಅಲ್ಲಗಳೆಯಿತು. ನಮ್ಮ ಗಡಿಯ ಕದನ ಇಬ್ಬರು ಮಾರಾಟಗಾರರ ಕರಪತ್ರವಾಯಿತು. ಅದೇ ನವೆಂಬರ್‌ನಲ್ಲಿ ದುಬೈ ಪ್ರದರ್ಶನದಲ್ಲಿ ತೇಜಸ್ ಬಿದ್ದು ಪೈಲಟ್ ತೀರಿಕೊಂಡರು. ಅವರ ದೇಹ ಊರಿಗೆ ತಲುಪುವ ಮೊದಲೇ, ಇದರಿಂದ ತೇಜಸ್ ರಫ್ತಿಗೆ ಎಷ್ಟು ಪೆಟ್ಟು ಎಂಬ ವಿಶ್ಲೇಷಣೆ ಶುರುವಾಗಿತ್ತು. ಮಾರುವವರ ಸಾಲಿನಲ್ಲಿ ನಿಲ್ಲುವ ಆಸೆ ನಮಗೂ ಬಂದಿದೆ, ಅಲ್ಲಿನ ಭಾಷೆ ಬೇಗ ಕಲಿತುಬಿಟ್ಟಿದ್ದೇವೆ.

ಹಾಗಾದರೆ ವಿಮಾನ ಕೊಳ್ಳಲೇಬಾರದೇ ಎಂದು ಕೇಳುವವರಿಗೆ: ಕೊಳ್ಳಬೇಕು. 29 ಸ್ಕ್ವಾಡ್ರನ್ ಇಟ್ಟುಕೊಂಡು ಎರಡು ಗಡಿ ಕಾಯಲಾಗದು. ಆದರೆ ಇದು ರಾಜಕೀಯ ಖರೀದಿ ಎಂದು ಒಪ್ಪಿಕೊಂಡು, ಟೆಂಡರಿನ ದಶಕವ್ಯಾಪಿ ನಾಟಕ ಬಿಟ್ಟು, ಯಾರ ಜೊತೆ ನಲವತ್ತು ವರ್ಷ ಬಾಳಬಲ್ಲೆವು ಎಂದು ಮೊದಲು ತೀರ್ಮಾನಿಸಿ, ಬೇಗ, ಎಷ್ಟು ಕಡಿಮೆ ಸಾಕೋ ಅಷ್ಟು ಕೊಳ್ಳಲಿ. ಅದೇ ಬಜೆಟ್ಟಿನ ಪುಟದಲ್ಲಿ ಎಂಜಿನ್ ಪರೀಕ್ಷಿಸುವ ನಮ್ಮದೇ ವಿಮಾನಕ್ಕೂ, ಎತ್ತರದ ಗಾಳಿಯನ್ನು ನೆಲದಲ್ಲೇ ಸೃಷ್ಟಿಸುವ ಪರೀಕ್ಷಾಗಾರಕ್ಕೂ ಹಣ ಇಡಲಿ. ಫ್ರಾನ್ಸಿನ ಸಫ್ರಾನ್ ಜೊತೆ ಸೇರಿ ಹೊಸ ಎಂಜಿನ್ ರೂಪಿಸುವ ಮಾತು ನಡೆದಿದೆ. ಒಳ್ಳೆಯದೇ, ಆದರೆ ಆ ಎಂಜಿನ್ ಕೂಡ ಎಲ್ಲಿ ಹಾರಿ ಪರೀಕ್ಷೆಗೊಳ್ಳುತ್ತದೆ ಎಂಬುದನ್ನು ಈಗಲೇ ಕೇಳಬೇಕು. ಮುಂದಿನ ಒಪ್ಪಂದದ ದಿನ ಸಂಸತ್ತಿನಲ್ಲಿ ಬೆಲೆಯ ಬಗ್ಗೆ ಗದ್ದಲ ಆಗಿಯೇ ಆಗುತ್ತದೆ. ಅದರ ನಡುವೆ ಯಾರಾದರೂ ಒಬ್ಬ ಸದಸ್ಯ ಎದ್ದು ಮಂತ್ರಿಯನ್ನು ಕೇಳಲಿ: ನಮ್ಮ ಅಸ್ತ್ರ ಕ್ಷಿಪಣಿಯನ್ನು ಈ ವಿಮಾನಕ್ಕೆ ಕಟ್ಟಲು ಯಾರ ಅನುಮತಿ ಬೇಕು? ಮಾರಿದವರು ನಾಳೆ ಬಿಡಿಭಾಗ ನಿಲ್ಲಿಸಿದರೆ ಎಷ್ಟು ತಿಂಗಳು ಹಾರಿಸಬಲ್ಲೆವು? ಉತ್ತರ ಗುಟ್ಟಿನದಾದರೆ ಸ್ಥಾಯಿ ಸಮಿತಿಯ ಮುಚ್ಚಿದ ಬಾಗಿಲ ಹಿಂದೆ ಹೇಳಲಿ, ಆದರೆ ಸಹಿ ಹಾಕುವ ಮೊದಲು ಹೇಳಲಿ.